ಪೇಟಿಯೂ ಕಂಠವೂ
(ಶತಮಾನೋತ್ಸವದ ಸಂಗೀತ ಸಂಜೆಯಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ಸಂಗೀತವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾವು ಸಂಗೀತಶಾಸ್ತ್ರದ ವಿದ್ವಾಂಸರಲ್ಲ. ಅಗಡಿಯ ಮಣ್ಣಿನಲ್ಲಿ ಬೆಳೆದು, ಸಂಜೆಯಾದರೆ ಭಜನೆಯ ತಾಳವನ್ನೂ ಭಾನುವಾರ ಬಲಿಪೂಜೆಯಲ್ಲಿ ಪೇಟಿಯ ನಾದವನ್ನೂ ಕೇಳುತ್ತ ಬಂದವರು. ಆದುದರಿಂದ ನಮ್ಮೆಲ್ಲರಿಗೂ ಪರಿಚಿತವಾದ ಆ ಪೇಟಿಯನ್ನೇ, ಅಂದರೆ ಹಾರ್ಮೋನಿಯಮ್ಮನ್ನೇ, ಮುಂದಿಟ್ಟುಕೊಂಡು ಮಾತನಾಡುತ್ತೇವೆ.

ಭಜನೆಯ ಮೇಳದಲ್ಲಿ, ನಾಟಕದ ರಂಗದಲ್ಲಿ, ಕೀರ್ತನಕಾರರ ಮಗ್ಗುಲಲ್ಲಿ ಕಾಣುವ ಈ ವಾದ್ಯ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಪ್ಯಾರಿಸ್ ನಗರದ ಅಲೆಕ್ಸಾಂಡ್ರ ದೆಬೆನ್ ಎಂಬ ಕುಶಲಕರ್ಮಿ 1842ರಲ್ಲಿ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ದೊಡ್ಡ ಆರ್ಗನ್ ಇರಿಸಲು ಅನುಕೂಲವಿಲ್ಲದ ಸಣ್ಣ ಚರ್ಚುಗಳಿಗೆ ಅದು ವರವಾಯಿತು. ಮಿಷನರಿಗಳೊಡನೆಯೂ ಯುರೋಪಿನ ಅಧಿಕಾರಿಗಳೊಡನೆಯೂ ಅದು ಹಡಗಿನಲ್ಲಿ ಭಾರತಕ್ಕೆ ಬಂದಿತು. ಆಗ ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ತುಳಿಯುವ ವಾದ್ಯವಾಗಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವ ನಮ್ಮವರಿಗೆ ಅದು ಒಗ್ಗುವಂತಿರಲಿಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ತಿದಿಯನ್ನು ಹಿಂಬದಿಗೆ ತಂದು, ಎಡಗೈಯಿಂದ ಗಾಳಿ ಒತ್ತಿ ಬಲಗೈಯಿಂದ ನುಡಿಸುವಂತೆ ಅದನ್ನು ಮಾರ್ಪಡಿಸಿದರು. ಅಂದಿನಿಂದ ಪರದೇಶದ ವಾದ್ಯ ನಮ್ಮ ಮನೆಯದಾಯಿತು.

ಪೇಟಿಯ ಒಳಗಿನ ವ್ಯವಸ್ಥೆ ಸರಳವಾದುದು. ತಿದಿಯ ಗಾಳಿ ಹಿತ್ತಾಳೆಯ ತೆಳು ನಾಲಗೆಗಳನ್ನು ನಡುಗಿಸುತ್ತದೆ. ಉದ್ದವಾದ ನಾಲಗೆ ಮಂದ್ರ ಸ್ವರವನ್ನೂ ಗಿಡ್ಡದಾದುದು ತಾರ ಸ್ವರವನ್ನೂ ಕೊಡುತ್ತದೆ. ಒಂದು ಸಪ್ತಕಕ್ಕೆ ಹನ್ನೆರಡು ಮನೆಗಳು. ಈ ಹನ್ನೆರಡನ್ನೂ ಸಮಾನ ಅಂತರದಲ್ಲಿ ಹೊಂದಿಸಿರುವುದರಿಂದ ಪೇಟಿಯ ಗಾಂಧಾರವು ತಂಬೂರಿಯಿಂದ ಹೊಮ್ಮುವ ಸಹಜ ಗಾಂಧಾರಕ್ಕಿಂತ ತುಸು ಏರಾಗಿರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು. ಕಂಠಕ್ಕೆ ಸಾಧ್ಯವಾದ ಆಂದೋಲನ ಅದಕ್ಕೆ ಸಾಧ್ಯವಿಲ್ಲ.

ಈ ಕೊರತೆಗಳಿಂದಾಗಿಯೇ 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ಮೂರು ದಶಕಗಳ ತರುವಾಯ, 1971ರಲ್ಲಿ, ಆ ನಿರ್ಬಂಧ ಭಾಗಶಃ ಸಡಿಲಗೊಂಡಿತು. ಆದರೆ ಆ ಅವಧಿಯಲ್ಲಿಯೂ ಹಳ್ಳಿಯ ಭಜನಾ ಮೇಳವಾಗಲಿ, ಸಂಗೀತ ಕಚೇರಿಯಾಗಲಿ ಪೇಟಿಯನ್ನು ಕೈಬಿಡಲಿಲ್ಲ. ಅದರ ಮಿತಿಯನ್ನು ಅರಿತವರು ಅದನ್ನು ಒಡೆಯನನ್ನಾಗಿ ಮಾಡಿಕೊಳ್ಳದೆ ಜೊತೆಗಾರನನ್ನಾಗಿ ಇಟ್ಟುಕೊಂಡರು.

ಇದಕ್ಕೆ ನಿದರ್ಶನಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇಂದು ನಮ್ಮ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲ್ಲೂಕಿನಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಅಂಧರಾಗಿದ್ದರೂ ಹಿಂದುಸ್ತಾನಿ, ಕರ್ನಾಟಕ ಸಂಗೀತಗಳೆರಡರಲ್ಲಿಯೂ ಪಾರಂಗತರಾದರು. ಅದೇ ತಾಲ್ಲೂಕಿನ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಅವರ ಶಿಷ್ಯರಾಗಿ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲುಗಳನ್ನು ಕೈವಶ ಮಾಡಿಕೊಂಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನೇಕ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ವಿದ್ಯೆಯನ್ನು ಧಾರೆಯೆರೆದರು. ಹಾನಗಲ್ಲ ಎಂಬ ಊರ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಗಂಗೂಬಾಯಿ ಹಾನಗಲ್ (1913–2009) ಅವರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಇವರೆಲ್ಲರಿಗೂ ವಾದ್ಯಕ್ಕಿಂತ ಮೊದಲು ಇದ್ದುದು ಗುರು, ಸಾಧನೆ ಮತ್ತು ಕಂಠ.

ನಮ್ಮ ಆರಾಧನೆಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪ್ರಕಟಿಸಿದ ಆರಾಧನಾವಿಧಿಯ ದಸ್ತಾವೇಜಿನಲ್ಲಿ, ಆಯಾ ನಾಡಿನ ಜನರ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಸಲ್ಲಬೇಕೆಂದು ತಿಳಿಸಿದೆ. ಆರ್ಗನ್‌ಗೆ ವಿಶೇಷ ಗೌರವವನ್ನು ಕೊಟ್ಟು, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಎಡೆ ಮಾಡಿದೆ. ಅದಕ್ಕೂ ಒಂದು ನೂರು ವರ್ಷ ಮೊದಲೇ, ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ಲರು ಕ್ರಿಸ್ತಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ ಹಾಡಬಹುದಾದ ‘ಕಥಾಮಾಲೆ’ಯಾಗಿ 1862ರಲ್ಲಿ ರಚಿಸಿದರು. ನಿಘಂಟಿನ ಕರ್ತೃವೆಂದು ನಾವು ಬಲ್ಲ ಕಿಟ್ಟೆಲ್ಲರು ಕನ್ನಡಿಗರ ಲಯವನ್ನೂ ಬಲ್ಲವರಾಗಿದ್ದರು.

ಈಗ ಒಂದು ನೋವಿನ ಮಾತು. ನಾವು ಕೆಲಕಾಲ ಹಾಡುತ್ತಿದ್ದ ಒಂದು ದೇವಾಲಯದಲ್ಲಿ ವಿದ್ಯುತ್ತಿನ ಹೊಸ ಕೀಬೋರ್ಡನ್ನು ತಂದ ಮೇಲೆ ಹಳೆಯ ಪೇಟಿಯನ್ನು ಒಳಕೋಣೆಗೆ ಸೇರಿಸಿದರು. ಕೆಲವು ವರ್ಷಗಳ ಬಳಿಕ ತೆರೆದು ನೋಡಿದಾಗ ಇಲಿಗಳು ತಿದಿಯನ್ನು ಕಡಿದು ಹಾಕಿದ್ದವು. ತಪ್ಪು ಕೀಬೋರ್ಡಿನದಲ್ಲ, ಅದೂ ಕಲಿತವರ ಕೈಯಲ್ಲಿ ಒಳ್ಳೆಯ ವಾದ್ಯವೇ. ಆದರೆ ಗುಂಡಿ ಒತ್ತಿದರೆ ತಾಳ ತಾನಾಗಿ ಬರುವುದೆಂದು ತಬಲಾ ಕಲಿಯುವ ಹುಡುಗ ಮನೆಗೆ ಹೋದ. ಶ್ರುತಿ ಹಿಡಿದು ಹಾಡಲು ಕಲಿಸುತ್ತಿದ್ದ ಹಿರಿಯರನ್ನು ಕರೆಯುವವರಿಲ್ಲವಾದರು. ಮುರಿದ ತಿದಿಯನ್ನು ರಿಪೇರಿ ಮಾಡಿಸಬಹುದು; ಕಲಿಸುವವರ ಸಾಲು ಒಮ್ಮೆ ಕಡಿದರೆ ಅದನ್ನು ಮತ್ತೆ ಜೋಡಿಸುವುದು ಬಲು ಕಷ್ಟ. ಆ ದಿನಗಳಲ್ಲಿ ನಾವೂ ಬಾಯಿ ತೆರೆಯದೆ ಸುಮ್ಮನಿದ್ದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಆದುದರಿಂದ ಈ ಶತಮಾನೋತ್ಸವದ ನೆನಪಿಗಾಗಿ ಒಂದು ಸಣ್ಣ ಬಿನ್ನಹ. ಪ್ರತಿ ಶನಿವಾರ ಸಂಜೆ ಒಂದು ಗಂಟೆ ಮಕ್ಕಳಿಗೆ ಸಂಗೀತ ಪಾಠ ನಡೆಯಲಿ. ಮೊದಲು ತಂಬೂರಿಯ ಶ್ರುತಿಗೆ ಷಡ್ಜವನ್ನು ನಿಲ್ಲಿಸುವುದು, ಅನಂತರ ಅಲಂಕಾರಗಳು, ಆಮೇಲೆ ಐದೇ ಸ್ವರಗಳ ಭೂಪ ರಾಗ. ಇದರ ಸ್ವರಗಳೇ ಕರ್ನಾಟಕ ಪದ್ಧತಿಯಲ್ಲಿ ಮೋಹನ ರಾಗದವು. ತಾಳಕ್ಕೆ ಎಂಟು ಮಾತ್ರೆಗಳ ಕೆಹರ್ವಾ, ಆರು ಮಾತ್ರೆಗಳ ದಾದ್ರಾ ಸಾಕು. ನಮ್ಮ ಬಹುಪಾಲು ಭಕ್ತಿಗೀತೆಗಳು ಇವೆರಡರಲ್ಲಿ ಅಡಗುತ್ತವೆ. ಪೇಟಿಗೆ ಕೈ ಹಾಕುವುದು ಇದೆಲ್ಲ ಆದ ಮೇಲೆ.

ಗಾಯನವೃಂದದವರಿಗೂ ಒಂದು ಮಾತು. ಹಾಡನ್ನು ಎಷ್ಟು ಎತ್ತರದ ಶ್ರುತಿಯಲ್ಲಿ ಎತ್ತಿಕೊಳ್ಳುತ್ತೀರೆಂಬುದು ಅಲಂಕಾರದ ವಿಷಯವಲ್ಲ. ಹೆಣ್ಣುಮಕ್ಕಳು ತಮಗೆ ಹಿತವಾದ ಕರಿ ನಾಲ್ಕರಲ್ಲಿ ಹಾಡಿದರೆ, ಕರಿ ಒಂದಕ್ಕೆ ಒಗ್ಗಿದ ಗಂಡಸರ ಕಂಠ ಹಿಂದಿನ ಸಾಲಿನಲ್ಲಿ ಮುಚ್ಚಿಹೋಗುತ್ತದೆ. ಎಲ್ಲರಿಗೂ ಎಟಕುವ ಶ್ರುತಿಯನ್ನು ನೋಡಿ ಹಿಡಿಯಿರಿ. ಹಿಂದಿನ ಸಾಲಿನ ಅಜ್ಜನೂ ಬಾಯಿಬಿಟ್ಟು ಹಾಡಿದಾಗಲೇ ಅದು ಸಭೆಯ ಗಾಯನ.

ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬವು ನವೆಂಬರ್ 22ರಂದು ಬರುತ್ತದೆ. ಮುಂದಿನ ಹಬ್ಬಕ್ಕೆ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಪೇಟಿಯ ಮುಂದೆ ಕುಳಿತು, ಇನ್ನೊಬ್ಬರು ತಬಲಾ ಹಿಡಿದು, ಉಳಿದವರು ಶುದ್ಧ ಶ್ರುತಿಯಲ್ಲಿ ಹಾಡುವಂತಾಗಲಿ. ನಮಗೆ ಬಂದಷ್ಟನ್ನು ಹೇಳಿಕೊಡಲು ನಾವು ಸಿದ್ಧರಿದ್ದೇವೆ. ಮಕ್ಕಳನ್ನು ಕಳುಹಿಸಿಕೊಡುವ ಭಾರ ತಮ್ಮದು.