ಅವರಿಗೊಂದು ಸಭೆ, ಇವರಿಗೊಂದು ಸಭೆ

ಕುಡಿತ ಬಿಟ್ಟವರೊಬ್ಬರನ್ನು ನೆಂಟರೆಲ್ಲ ಸುತ್ತುವರಿದು ಹೊಗಳುತ್ತಿದ್ದುದನ್ನು ಈ ವಾರ ಒಂದು ಮದುವೆಮನೆಯಲ್ಲಿ ಕಂಡೆ. ಸಂತೋಷದ ವಿಷಯವೇ. ಊಟದ ಪಂಕ್ತಿಯಲ್ಲಿ ಅವರ ಹೆಂಡತಿ ನನ್ನ ಪಕ್ಕ ಕೂತಿದ್ದರು. ಮೆಲ್ಲಗೆ ಅಂದರು: "ಇವರು ಮನೆಗೆ ಬರೋದು ಸ್ವಲ್ಪ ತಡವಾದ್ರೆ ಈಗಲೂ ನನ್ನ ಕೈಕಾಲು ನಡುಗುತ್ತೆ. ಇದನ್ನ ಯಾರ ಹತ್ರ ಹೇಳ್ಲಿ?"

ಗಂಡನಿಗೆ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸಭೆ ಇದೆ. ಇವರಿಗೆ ಭಜನಾ ಮಂಡಳಿಯವರು "ಸಹಿಸಿಕೋ" ಅಂದಿದ್ದರು, ತವರಿನವರು "ಬಿಟ್ಟು ಬಾ" ಅಂದಿದ್ದರು. ಎರಡೂ ಪ್ರೀತಿಯಿಂದ ಬಂದ ಮಾತೇ. ಆದರೆ ಆ ನಡುಕವನ್ನು ಬಲ್ಲವರು ಎರಡೂ ಕಡೆ ಇರಲಿಲ್ಲ.

ಆ ಸಂಘ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್, ಕುಡಿತ ಬಿಡಲಾರದೆ ಸೋತಿದ್ದ ವೈದ್ಯ ಬಾಬ್ ಸ್ಮಿತ್ ಅವರನ್ನು ಕಂಡರು. ಹದಿನೈದೇ ನಿಮಿಷ ಎಂದು ಕೂತ ವೈದ್ಯರು ಗಂಟೆಗಟ್ಟಲೆ ಏಳಲಿಲ್ಲ. ಉಪದೇಶ ಅವರು ಬೇಕಾದಷ್ಟು ಕೇಳಿದ್ದರು. ಇಲ್ಲಿ ಎದುರಿಗಿದ್ದವನು ತನ್ನದೇ ಪಾಡು ಹೇಳಿಕೊಂಡ. ಬಿಲ್ ಅವರ ಪತ್ನಿ ಲೋಯಿಸ್ ಕತೆ ಬೇರೆ. ಗಂಡ ಸರಿಹೋದ ಮೇಲೆ ಒಮ್ಮೆ, ಸಭೆಗೆ ಬೇಗ ಹೊರಡು ಎಂದು ಆತ ಅಂದದ್ದಕ್ಕೆ ಸಿಟ್ಟೆದ್ದು ಷೂ ಎಸೆದಿದ್ದರಂತೆ. ತನ್ನೊಳಗೂ ಒಂದು ಗಾಯವಿದೆ ಎಂದು ಅವರಿಗೆ ಹೊಳೆದದ್ದು ಆಗ. 1951ರಲ್ಲಿ ಮನೆಯವರಿಗೆಂದೇ ಅಲ್-ಅನಾನ್ ಶುರುವಾಯಿತು. ಹದಿಹರೆಯದ ಮಕ್ಕಳಿಗೆ 1957ರಲ್ಲಿ ಅಲಾಟೀನ್. ಒಂದೇ ಸೂರಿನ ಕೆಳಗಿನ ಒಂದೇ ಕುಡಿತಕ್ಕೆ ಮೂರು ಬೇರೆ ಬೇರೆ ಸಭೆ!

ಮನೆಯ ಮಾತು ಹೊಸಿಲು ದಾಟಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಎಷ್ಟೋ ಹೆಂಗಸರು ಮನೆಯ ಮಾನವನ್ನು ಅದರ ಬಲದಿಂದಲೇ ಕಾಪಾಡಿದ್ದಾರೆ. ಆದರೆ ಹೊಸಿಲೊಳಗೆ ಉಳಿದ ಮಾತು ಎಲ್ಲಿಗೆ ಹೋಯಿತು? ಹೇಳದವಳ ನಿದ್ದೆಗೆ, ರಕ್ತದೊತ್ತಡಕ್ಕೆ, ಮಕ್ಕಳ ಮೇಲೆ ಸುಮ್ಮನೆ ಏರಿದ ದನಿಗೆ. ಈ ಸಭೆಗಳಲ್ಲೂ ಗುಟ್ಟೇ ಮೊದಲ ನಿಯಮ. ಪೂರ್ತಿ ಹೆಸರು ಹೇಳಬೇಕಿಲ್ಲ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು. ಹಿರಿಯರ ಮಾತನ್ನು ಮೀರಿದಂತಾಗುವುದಿಲ್ಲ, ಗುಟ್ಟನ್ನು ಕಾಯಲು ಇನ್ನೂ ಹತ್ತು ಜನ ಸಿಕ್ಕಂತಾಗುತ್ತದೆ.

ಮೊದಲ ದಿನವೇ ಮನಸ್ಸು ಒಗ್ಗದಿರಬಹುದು. ಆರು ಸಭೆಗಳಿಗಾದರೂ ಬಂದು ನೋಡಿ ಎಂದು ಅಲ್-ಅನಾನ್‌ನವರೇ ಹೇಳುತ್ತಾರೆ. ಸುಮ್ಮನೆ ಕೂತು ಕೇಳಿ ಬಂದರೂ ಆಯಿತು. ಆದರೆ ಔಷಧ ಬಿಡು ಎನ್ನುವ, ನಿಮ್ಮ ಮಾತನ್ನು ಬೀದಿಗೆ ತರುವ, ನಿಮ್ಮದೇ ತಪ್ಪೆಂದು ತೀರ್ಪು ಕೊಡುವ ಗುಂಪಾದರೆ ಎದ್ದು ಬನ್ನಿ; ದಾಕ್ಷಿಣ್ಯ ಬೇಡ. ಮನೆಯಲ್ಲಿ ಏಟು ಬೀಳುತ್ತಿದ್ದರೆ ಸಭೆಯೊಂದೇ ಸಾಲದು, ಮೊದಲು ರಕ್ಷಣೆ ಬೇಕು.

ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲಿರುಳೂ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮದುವೆಮನೆಯ ಆ ತಾಯಿಗೆ ಈ ಸಂಖ್ಯೆಯನ್ನು ಅಲ್ಲೇ ಬರೆದುಕೊಟ್ಟೆ. ಅವರ ಮಗಳೂ ಅದನ್ನು ತನ್ನ ಫೋನಿನಲ್ಲಿ ಬರೆದುಕೊಂಡಳು.