ಪಾರುಪತ್ಯ



ಮಠಗಳಲ್ಲಿ ಪಾರುಪತ್ಯಗಾರನೆಂಬ ಹೆಸರು ಬಹು ಹಳೆಯದು. ಉಗ್ರಾಣದ ಬೀಗದ ಕೈ, ಹೊಲಗದ್ದೆಗಳ ಲೆಕ್ಕ, ದಾಸೋಹದ ಒಲೆ, ಇವೆಲ್ಲವೂ ಅವನ ವಶದಲ್ಲಿರುವವು. ಇದನ್ನೇ ಈಗಿನವರು ಮೇಲ್ವಿಚಾರಣೆಯೆನ್ನುವರು. ಈ ಪದದಲ್ಲಿ ‘ಮೇಲು’ ಎಂಬುದೊಂದು, ‘ವಿಚಾರಣೆ’ ಎಂಬುದೊಂದು. ಮೊದಲನೆಯದನ್ನು ಬಿಗಿಯಾಗಿ ಹಿಡಿದು ಎರಡನೆಯದನ್ನು ಕೈಬಿಟ್ಟವರೇ ಹೆಚ್ಚು.

ವಿಚಾರಣೆಯೆಂದರೇನೆಂದು ತಿಳಿಯಬೇಕಾದರೆ ಅನಮೋಡದ ಕಾಡಿನತ್ತ ನೋಡಬೇಕು. ಜೋಯಿಡಾ ಸೀಮೆಯ ಆ ಊರಿನಿಂದ ಗೋವೆಗೆ ಗಾಡಿದಾರಿಯು ಘಟ್ಟವಿಳಿಯುವದು. ನೆರೆಯ ಕ್ಯಾಸಲ್ ರಾಕಿನಿಂದ ರೈಲುದಾರಿಯು ಇಳಿಯುವದು. 1880ರ ದಶಕದಲ್ಲಿ ಕಟ್ಟಿದ ಈ ಹಳಿಯು ಕುಳೆಂವರೆಗೆ ಸುಮಾರು 26 ಕಿಲೋಮೀಟರು ಸುರಂಗಗಳಲ್ಲಿ ಹೊಕ್ಕು, ದೂಧಸಾಗರದ ಧಾರೆಯೆದುರು ಹಾಯ್ದು ಹೋಗುವದು. 37 ಅಡಿ ಸಾಗಿದರೆ ಒಂದಡಿ ಇಳಿಯುವಂಥ ಕಡಿದಾದ ದಾರಿ. ಮಳೆಗಾಲದಲ್ಲಿ ಗುಡ್ಡವು ಯಾವಾಗ ಜರಿದೀತೆಂದು ಹೇಳಬರುವದಿಲ್ಲ.

ಇಂಥ ಹಳಿಯನ್ನು ಕಾಯುವವರು ಯಾರು? ಹಗಲು ಕೀಮ್ಯಾನನು ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲಾದುದನ್ನು ಬಿಗಿಮಾಡುವನು. ಮಳೆಗಾಲದ ರಾತ್ರಿ ಗಸ್ತಿಯವನು ದೀಪ ಹಿಡಿದು ಹೊರಡುವನು. ತನ್ನ ಎಲ್ಲೆಯ ಕೊನೆಯಲ್ಲಿ ಆಚೆಯಿಂದ ಬಂದ ಗಸ್ತಿಯವನೊಡನೆ ಪುಸ್ತಕವನ್ನು ಬದಲಿಸಿಕೊಂಡು ಮರಳುವನು. ಆ ಕತ್ತಲೆಯಲ್ಲಿ ಮೇಲಧಿಕಾರಿಯ ಕಣ್ಣಿಲ್ಲ, ಪುಸ್ತಕವು ಸಾಕ್ಷಿ. ಆದರೆ ಅವನು ಎಲ್ಲೆ ಮುಟ್ಟಿದನೆಂಬುದನ್ನು ಪುಸ್ತಕವು ಹೇಳೀತು. ದಾರಿಯಲ್ಲಿ ದೀಪವನ್ನು ತಗ್ಗಿಸಿ ಹಳಿಯನ್ನು ನೋಡಿದನೆಂಬುದನ್ನು ಹೇಳಲಾರದು.

ಮೇಲ್ವಿಚಾರಕನ ಪರೀಕ್ಷೆ ಇಲ್ಲಿಯೇ. ಗಸ್ತಿಯವನೊಬ್ಬನು ಜರಿದ ಮಣ್ಣನ್ನು ಕಂಡು ಕೆಂಪು ದೀಪ ತೋರಿಸಿ ಗಾಡಿಯನ್ನು ನಿಲ್ಲಿಸಿದನೆನ್ನಿರಿ. ಬೆಳಗಾದ ಮೇಲೆ, “ಗಾಡಿಗೆ ಇಷ್ಟು ತಡವೇಕಾಯಿತು?” ಎಂದು ಮೊದಲು ಗದರಿಸಿದವನು ಒಂದು ಮಾತಿನಿಂದ ಇಡೀ ಘಟ್ಟವನ್ನು ಕುರುಡು ಮಾಡಿದಂತೆ. ಮರುದಿನವೂ ಪುಸ್ತಕ ಬದಲಾದೀತು, ದೀಪ ಮಾತ್ರ ತಗ್ಗಲಿಕ್ಕಿಲ್ಲ. ಇನ್ನು “ನಮ್ಮವರು ಪ್ರಾಮಾಣಿಕರು” ಎಂದು ಮನೆಯಲ್ಲಿ ಬೆಚ್ಚಗೆ ಕುಳಿತವನೂ ಅಷ್ಟೇ ದೋಷಿ. ಆ ಮಳೆಯಲ್ಲಿ ಒಮ್ಮೆಯಾದರೂ ತಾನು ನಡೆದಿರದಿದ್ದರೆ, ಗಸ್ತಿಯವನು ಹೇಳುವದರಲ್ಲಿ ದಿಟವೆಷ್ಟೆಂದು ಅವನಿಗೆ ತಿಳಿಯುವ ಬಗೆ ಯಾವದು?

ಕೈಕೆಳಗಿನವರು ಅಂಜದೆ ಇದ್ದಲ್ಲಿಯೂ ಇನ್ನೊಂದು ತೊಡಕುಂಟು. ಅದು ಅವರ ಪ್ರೀತಿ. ಸೊನ್ನಲಿಗೆಯಲ್ಲಿ ಸಿದ್ಧರಾಮರು ನೂರಾರು ಜನರಿಂದ ಕೆರೆಯನ್ನು ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುದೇವರು ಬಂದು, ಅವರನ್ನು ಒಡ್ಡನೆಂದು ಕರೆದ ಕಥೆಯನ್ನು ಶೂನ್ಯಸಂಪಾದನೆಯು ಹೇಳುವದು. ಕೆಲಸದವರು ಕೆರಳಿ ಕಲ್ಲೆಸೆದರು. ಅವರಲ್ಲಿ ಕೇಡಿಲ್ಲ, ಒಡೆಯನ ಮೇಲಿನ ಭಕ್ತಿಯೇ ಕಲ್ಲಾಯಿತು. ಅಷ್ಟು ಜನರಲ್ಲಿ “ಗುರುವೇ, ಈ ಜಂಗಮನ ಮಾತನ್ನು ಕೇಳಿ ನೋಡೋಣ” ಎಂದವನೊಬ್ಬನಿಲ್ಲ. ಸಿದ್ಧರಾಮರೂ ಮೊದಲು ಸಿಟ್ಟಾದರು. ಅಗೆಯುವವರೆಲ್ಲರನ್ನು ನೋಡುತ್ತಿದ್ದ ಅವರನ್ನು ನೋಡುವವರು ಅಂದಿನವರೆಗೆ ಯಾರೂ ಇದ್ದಿರಲಿಲ್ಲ. ಬಳಿಕ ಅವರು ಪ್ರಭುದೇವರ ಮಾತನ್ನು ಕೇಳಿದರು, ಅವರೊಡನೆ ಕಲ್ಯಾಣಕ್ಕೂ ನಡೆದರು. ಅವರ ಹೆಸರಿನ ಕೆರೆಯು ಸೊಲ್ಲಾಪುರದಲ್ಲಿ ಇಂದಿಗೂ ಇರುವದು.