ಕಾಲಿನಲ್ಲಿ ಹೆಪ್ಪು, ಎದೆಯಲ್ಲಿ ಆಪತ್ತು



ಹಾಲಿಗೆ ಹೆಪ್ಪು ಹಾಕಿ ಅಲುಗಾಡಿಸದೆ ಇಟ್ಟರೆ ಮೊಸರು ಗಟ್ಟಿಯಾಗುತ್ತದೆ. ಪದೇ ಪದೇ ಕದಡಿದರೆ ಕೆಡುತ್ತದೆ. ರಕ್ತದ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಗಾಯವಾದಾಗ ಅದು ಹೆಪ್ಪುಗಟ್ಟಲೇಬೇಕು. ಕೊಳಕುಮಂಡಲದ ವಿಷ ಈ ಶಕ್ತಿಯನ್ನೇ ಕಸಿಯುವುದರಿಂದ ಆ ಹಾವಿನ ಕಡಿತ ಅಷ್ಟು ಘೋರ. ಆದರೆ ಗಾಯವೇ ಇಲ್ಲದ ಕಡೆ, ನಾಳದ ಒಳಗೇ ಹೆಪ್ಪುಗಟ್ಟಿದರೆ? ಆ ಹೆಪ್ಪು ಇದ್ದಲ್ಲಿ ಇರದೆ ಹೊರಟುಬಿಟ್ಟರೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು 1840ರ ದಶಕದಲ್ಲಿ, ಬರ್ಲಿನ್‌ನಲ್ಲಿ. ಶ್ವಾಸಕೋಶದ ನಾಳಗಳಲ್ಲಿ ಕಾಣುವ ಹೆಪ್ಪು ಅಲ್ಲಿಯೇ ಹುಟ್ಟಿದ್ದೆಂದು ಆಗಿನ ವೈದ್ಯರಲ್ಲಿ ಅನೇಕರು ನಂಬಿದ್ದರು. ರುಡಾಲ್ಫ್ ವಿರ್ಷೋ ಎಂಬ ತರುಣ ವೈದ್ಯ ನಾಯಿಗಳ ಅಭಿಧಮನಿಯೊಳಗೆ ರಬ್ಬರಿನ ಚೂರುಗಳನ್ನು ಬಿಟ್ಟು ನೋಡಿದ. ಆ ಚೂರುಗಳು ಶ್ವಾಸಕೋಶದಲ್ಲಿ ಸಿಕ್ಕವು. ಹೆಪ್ಪು ಬೇರೆಡೆ ಹುಟ್ಟಿ ಪ್ರಯಾಣ ಮಾಡಿ ಬರುತ್ತದೆ ಎಂಬುದು ಹೀಗೆ ಸ್ಪಷ್ಟವಾಯಿತು. ಇಂಥ ಸಂಚಾರಿ ಹೆಪ್ಪಿಗೆ ಆತ ಕೊಟ್ಟ 'ಎಂಬೋಲಸ್' ಎಂಬ ಹೆಸರೇ ಇಂದಿಗೂ ಬಳಕೆಯಲ್ಲಿದೆ.

ಅದು ಸಾಗುವ ದಾರಿಯಾದರೂ ಯಾವುದು? ಯಲಹಂಕ ಕೆರೆಯ ನೀರು ಕಾಲುವೆ ಹಿಡಿದು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ ಹರಿಯುವುದನ್ನು ಈ ಭಾಗದವರು ಬಲ್ಲರು. ದಡದಿಂದ ಕಳಚಿದ ಅಂತರಗಂಗೆಯ ರಾಶಿ ಅಗಲವಾದ ಜಾಗದಲ್ಲಿ ತೇಲುತ್ತದೆ, ಕಿರಿದಾದ ತೂಬಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲಿನ ಅಭಿಧಮನಿ ಮೇಲೆ ಹೋದಂತೆಲ್ಲ ಅಗಲವಾಗುತ್ತದೆ. ಆದ್ದರಿಂದ ಅಲ್ಲಿಂದ ಕಳಚಿದ ಹೆಪ್ಪು ಹೊಟ್ಟೆಯ ಮಹಾಸಿರೆಯನ್ನೂ ಹೃದಯದ ಬಲಭಾಗವನ್ನೂ ಸಲೀಸಾಗಿ ದಾಟುತ್ತದೆ. ದಾರಿ ಮತ್ತೆ ಕವಲೊಡೆದು ಕಿರಿದಾಗುವುದು ಶ್ವಾಸಕೋಶದಲ್ಲಿ. ಸಿಕ್ಕಿಬೀಳುವುದೂ ಅಲ್ಲಿಯೇ. ಹೆಪ್ಪು ದೊಡ್ಡದಾಗಿದ್ದರೆ ನಿಮಿಷಗಳಲ್ಲೇ ಪ್ರಾಣ ಹೋಗಬಹುದು. ಹೃದಯದ ಎಡಭಾಗದಲ್ಲಿ ಹುಟ್ಟಿದ ಹೆಪ್ಪಿನ ದಾರಿಯೇ ಬೇರೆ. ಅದು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಎಳೆಯ ವಯಸ್ಸಿಗೇ ಲಕ್ವ ಕಾಣಿಸಿಕೊಳ್ಳಲು ಇದೂ ಒಂದು ಕಾರಣ.

ಇನ್ನು ಕಾಲಿನಲ್ಲಿ ಹೆಪ್ಪು ಹುಟ್ಟುವುದೇಕೆ? ರಕ್ತ ನಿಧಾನವಾಗುವುದು, ನಾಳಕ್ಕೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲುವುದು, ಈ ಮೂರೇ ಮೂಲ ಕಾರಣಗಳು. ಕಾಲಿನ ರಕ್ತ ಮೇಲೇರಲು ಮೀನಖಂಡದ ಸ್ನಾಯುಗಳು ಹಿಂಡಬೇಕು. ಅಲುಗಾಡದೆ ಕೂತರೆ ಆ ಪಂಪು ನಿಲ್ಲುತ್ತದೆ. 1940ರಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆಯೇ ರಾತ್ರಿ ಕಳೆಯುತ್ತಿದ್ದರು. ಬಾಂಬಿಗೆ ಸಿಕ್ಕದೆ ಉಳಿದ ಕೆಲವರು ಶ್ವಾಸಕೋಶದ ಹೆಪ್ಪಿನಿಂದ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯ ಅದೇ ವರ್ಷ ವರದಿ ಮಾಡಿದ.

ಇಂದು ಹೆಬ್ಬಾಳ, ಯಲಹಂಕ ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವವರಲ್ಲಿ ಮೊಮ್ಮಕ್ಕಳನ್ನು ನೋಡಲು ಹೊರಟ ಹಿರಿಯರೂ ಇರುತ್ತಾರೆ. 2021ರ ಜನವರಿಯಲ್ಲಿ ಇಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ನೇರ ವಿಮಾನ ಆರಂಭವಾದಾಗ ಪ್ರಯಾಣದ ಅವಧಿ ಸುಮಾರು 17 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯಂತೆ, ನಾಲ್ಕು ಗಂಟೆಗೂ ಮೀರಿ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಆದರೂ ತೊಂದರೆಗೆ ಸಿಲುಕುವವರು ಸುಮಾರು 6,000 ಮಂದಿಗೆ ಒಬ್ಬರು. ಹೆದರಬೇಕಿಲ್ಲ, ಎಚ್ಚರವಿದ್ದರೆ ಸಾಕು. ಈ ಮಾತು ವಿಮಾನಕ್ಕೆ ಮಾತ್ರವಲ್ಲ, ಯಶವಂತಪುರದಿಂದ ಹೊರಡುವ ದೂರದ ರೈಲಿಗೂ ರಾತ್ರಿ ಬಸ್ಸಿಗೂ ಅನ್ವಯಿಸುತ್ತದೆ.

ಊರು ಬಿಟ್ಟು ಹೋಗದವರಲ್ಲೂ ಒಬ್ಬಳಿಗೆ ಅಪಾಯ ಹೆಚ್ಚು. ಅವಳು ಬಾಣಂತಿ. ಹೆರಿಗೆಯಲ್ಲಿ ರಕ್ತಸ್ರಾವ ತಡೆಯಲೆಂದು ಪ್ರಕೃತಿಯೇ ಆಕೆಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚಿಸಿರುತ್ತದೆ. ಅದರ ಮೇಲೆ 'ನೀರು ಕುಡಿಯಬೇಡ, ಎದ್ದು ಓಡಾಡಬೇಡ' ಎಂಬ ಕಟ್ಟುಪಾಡು. ಇಂಥ ಬಾಣಂತಿಯರ ಮಿದುಳಿನ ಅಭಿಧಮನಿಯಲ್ಲೇ ಹೆಪ್ಪುಗಟ್ಟುವ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಹೆಪಾರಿನ್ ಔಷಧದ ಪ್ರಯೋಗವನ್ನು 1995ರಲ್ಲಿ ಪ್ರಕಟಿಸಿದರು. ಇಲ್ಲಿ ಹೆಪ್ಪು ಸಂಚರಿಸುವುದಿಲ್ಲ, ಹುಟ್ಟಿದಲ್ಲೇ ದಾರಿ ಮುಚ್ಚುತ್ತದೆ. ಆದರೆ ಬೇರು ಒಂದೇ. ಬಾಣಂತನದ ಆರೈಕೆ, ವಿಶ್ರಾಂತಿ, ಬಿಸಿನೀರಿನ ಸ್ನಾನ ಇವೆಲ್ಲ ಪ್ರೀತಿಯಿಂದ ಹುಟ್ಟಿದ ಪದ್ಧತಿಗಳು, ಉಳಿಯಲಿ. ನೀರು ಕೊಡದಿರುವುದನ್ನು ಮಾತ್ರ ಬಿಡಬೇಕು.

ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುವುದು ಮೊದಲ ಸೂಚನೆ. ಅದನ್ನು ಉಳುಕೆಂದು ಎಣ್ಣೆ ಹಚ್ಚಿ ನೀವಬಾರದು, ವೈದ್ಯರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆನೋವು, ಕೆಮ್ಮಿದಾಗ ರಕ್ತ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಬಾಣಂತಿಗೆ ತಡೆಯಲಾರದ ತಲೆನೋವು ಬಂದರೆ, ಫಿಟ್ಸ್ ಬಂದರೆ ಅದು ಸೋಂಕೂ ಅಲ್ಲ, ಗಾಳಿಯೂ ಅಲ್ಲ; ಆಸ್ಪತ್ರೆಗೆ ಒಯ್ಯಬೇಕಾದ ಕಾಯಿಲೆ.

ತಡೆಯುವ ಉಪಾಯಕ್ಕೆ ಖರ್ಚಿಲ್ಲ. ಗಂಟೆಗೊಮ್ಮೆ ಏಳುವುದು, ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ನೀರು ಕುಡಿಯುವುದು. ಹಿಂದೆ ಹೆಪ್ಪುಗಟ್ಟಿದ್ದವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕೇಳುವುದು ಒಳಿತು. ಮೊಸರಿನ ಪಾತ್ರೆಯನ್ನು ಅಲುಗಾಡಿಸಬಾರದು. ಕಾಲನ್ನು ಅಲುಗಾಡಿಸುತ್ತಲೇ ಇರಬೇಕು.